ಅಪರೂಪದ ಹಳೆಯ ಬಂದೂಕು ಮಾರುವುದು: ಹರಾಜಿಗೆ ಹಾಕಬೇಕೋ, ನೇರವಾಗಿ ಕೊಡಬೇಕೋ?

ಸಂಗ್ರಹಯೋಗ್ಯ ಬಂದೂಕು ಮಾರಲು ಹೊರಟವರು ಮೊದಲು ಕೇಳುವುದು ಒಂದೇ ಮಾತು: ಹರಾಜಿನಲ್ಲಿ ಜಾಸ್ತಿ ಬರುತ್ತದೋ, ಖಾಸಗಿಯಾಗಿ ಮಾರಿದರೆ ಜಾಸ್ತಿ ಬರುತ್ತದೋ? ಎಲ್ಲ ಬಂದೂಕಿಗೂ ಹೊಂದುವ ಉತ್ತರ ಇದಕ್ಕಿಲ್ಲ. ಆದರೆ ನನ್ನ ಪ್ರಕಾರ ಒಂದು ಅಳತೆಗೋಲು ಇದೆ. ನಿಮ್ಮ ಕೈಲಿರುವ ಬಂದೂಕಿನ ಬೆಲೆ ಎಷ್ಟೆಂದು ಕೊಳ್ಳುವವರಿಗೆ ಈಗಾಗಲೇ ಗೊತ್ತಿದೆಯಾ? ಗೊತ್ತಿದ್ದರೆ ಮಧ್ಯದಲ್ಲಿ ಹರಾಜಿನವರಿಗೆ ಕಮಿಷನ್ ಯಾಕೆ ಕೊಡಬೇಕು? ಗೊತ್ತಿಲ್ಲದಿದ್ದರೆ ಮಾತ್ರ ಒಬ್ಬನೇ ಗಿರಾಕಿ ಹೇಳಿದ್ದಕ್ಕೆ ತಲೆಯಾಡಿಸಬೇಡಿ. ಅಂಥದ್ದಕ್ಕೆ ಹಟ ಹಿಡಿದು ಕೂಗುವ ಇಬ್ಬರು ಬೇಕು. ಅವರನ್ನು ಒಂದೇ ಹೊತ್ತಿಗೆ ಒಂದೆಡೆ ಸೇರಿಸುವುದೇ ಹರಾಜಿನ ಕೆಲಸ.

ಅಲ್ಲಿಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಸಾಕಷ್ಟಿದೆ.

ಹಂತ 1: ಒಳಗೆ ಮದ್ದಿದೆಯಾ ನೋಡಿ

"ಅದು ನೂರು ವರ್ಷದಿಂದ ಗೋಡೆ ಮೇಲೆ ತೂಗಾಡುತ್ತಿದೆ, ಖಾಲಿನೇ ಇರುತ್ತೆ" ಎಂದುಕೊಳ್ಳಬೇಡಿ. ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳು ತುಂಬಿದ ಸ್ಥಿತಿಯಲ್ಲೇ ಸಿಗುವುದು ಅಪರೂಪವೇನಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಗೆಟ್ಟಿಸ್‌ಬರ್ಗ್ ಕದನದ ನಂತರ ರಣರಂಗದಿಂದ 27,000ಕ್ಕೂ ಹೆಚ್ಚು ಬಂದೂಕುಗಳನ್ನು ಆರಿಸಿ ತಂದಿದ್ದರು. ಅವುಗಳಲ್ಲಿ ಸುಮಾರು 24,000 ತುಂಬಿದ್ದವು. ಎಷ್ಟೋ ಬಂದೂಕುಗಳಲ್ಲಿ ಒಂದರ ಮೇಲೊಂದು ಗುಂಡು ಜಡಿದಿತ್ತಂತೆ. ಕರಿಮದ್ದು ಒಣಗಿದ್ದರೆ ವರ್ಷ ಎಷ್ಟಾದರೂ ಹೊತ್ತಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಒಂದು ತೆಳ್ಳನೆಯ ಮರದ ಕಡ್ಡಿ ತೆಗೆದುಕೊಳ್ಳಿ. ಮುಖ, ಕೈ ನಳಿಗೆಯ ಬಾಯಿಗೆ ಅಡ್ಡ ಬರದಂತೆ ಪಕ್ಕಕ್ಕೆ ನಿಂತು, ತಳ ಮುಟ್ಟುವವರೆಗೆ ಕಡ್ಡಿಯನ್ನು ನಿಧಾನ ಇಳಿಸಿ. ನಳಿಗೆಯ ಬಾಯಿ ಬರುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಕಡ್ಡಿ ಹೊರಗೆ ತೆಗೆದು, ಆ ಗುರುತನ್ನು ನಳಿಗೆಯ ಬಾಯಿಗೆ ಸರಿಹೊಂದಿಸಿ ಹೊರಮೈಗೆ ಒತ್ತಿ ಹಿಡಿಯಿರಿ. ಕಡ್ಡಿಯ ತುದಿ ಕಿಡಿ ಒಳಹೋಗುವ ತೂತಿನ ಹತ್ತಿರ ಬಂದರೆ ಬಂದೂಕು ಖಾಲಿ. ಒಂದೆರಡು ಇಂಚು ಮುಂಚೆಯೇ ನಿಂತರೆ ಒಳಗೆ ಏನೋ ಕೂತಿದೆ ಎಂದರ್ಥ. ಅದನ್ನು ನೀವು ಕೆದಕಬೇಡಿ, ಬಂದೂಕು ರಿಪೇರಿ ಬಲ್ಲವರಿಗೆ ಬಿಡಿ. ತೋಟಾ ಹಾಕುವ ಬಂದೂಕಾದರೆ ಮ್ಯಾಗಜೀನ್ (ತೋಟಾಗಳನ್ನು ತುಂಬಿಡುವ ಗೂಡು), ಚೇಂಬರ್ (ಹಾರಲಿರುವ ತೋಟಾ ಕೂರುವ ಜಾಗ) ಎರಡನ್ನೂ ತೆರೆದು ಕಣ್ಣಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತ ಮಾಡಿಕೊಳ್ಳಿ.

ಹಂತ 2: ಉಜ್ಜಬೇಡಿ

ಮಾರುವ ಮುಂಚೆ ಚೆಂದ ಕಾಣಲಿ ಅಂತ ಉಜ್ಜಿ ಹೊಳಪು ಬರಿಸುತ್ತಾರಲ್ಲ, ಈ ವ್ಯಾಪಾರದಲ್ಲಿ ಅದಕ್ಕಿಂತ ದುಬಾರಿ ಕೆಲಸ ಇನ್ನೊಂದಿಲ್ಲ. ಸಂಗ್ರಾಹಕರು ದುಡ್ಡು ಕೊಡುವುದು ಕಾರ್ಖಾನೆಯಲ್ಲಿ ಹಚ್ಚಿದ ಮೂಲ ಬಣ್ಣಕ್ಕೆ. ಅದು ಶೇಕಡ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುತ್ತಾರೆ. ಕಾಲ ಕಳೆದಂತೆ ಕೂತ ಕಂದು ಛಾಯೆಗೂ ಬೆಲೆ ಇದೆ. ಉಜ್ಜಿದರೆ ಎರಡೂ ಹೋಗುತ್ತವೆ, ಮತ್ತೆ ಬರುವುದಿಲ್ಲ. ಧೂಳಿದ್ದರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಲೋಹಕ್ಕೆ ತೆಳುವಾಗಿ ಎಣ್ಣೆ ಸವರಿ. ಅಷ್ಟೇ ಸಾಕು.

ನಿಮ್ಮ ಬಂದೂಕನ್ನು ಹಿಂದಿನವರು ಯಾರಾದರೂ ಉಜ್ಜಿದ್ದಾರಾ ಎಂದು ತಿಳಿಯಲು ಮೂರು ಕಡೆ ನೋಡಿ. ಒಂದು, ನಳಿಗೆಯ ಮೇಲೆ ಒತ್ತಿರುವ ಅಕ್ಷರಗಳು. ಮೂಲ ಸ್ಥಿತಿಯಲ್ಲಿ ಅವುಗಳ ಅಂಚು ಚೂಪಾಗಿರುತ್ತದೆ, ಉಜ್ಜಿದ್ದರೆ ಕರಗಿದ ಹಾಗೆ ಕಾಣುತ್ತದೆ. ಎರಡು, ಸ್ಕ್ರೂ ತೂತುಗಳ ಬಾಯಿ. ಪಾಲಿಶ್ ಚಕ್ರಕ್ಕೆ ಕೊಟ್ಟ ಲೋಹದಲ್ಲಿ ತೂತಿನ ಸುತ್ತ ಸಣ್ಣ ತಟ್ಟೆಯಂತೆ ತಗ್ಗು ಬಿದ್ದಿರುತ್ತದೆ. ಮೂರು, ಮರ ಮತ್ತು ಲೋಹ ಕೂಡುವ ಗೆರೆ. ಹೊಸದರಲ್ಲಿ ಮರ ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರ ಇರುತ್ತದೆ. ಮರ ಕೆಳಗೆ ಹೋಗಿದ್ದರೆ ಯಾರೋ ಮರಳುಕಾಗದ ಹಾಕಿದ್ದಾರೆ. ಪಳಗಿದ ಗಿರಾಕಿ ಕೈಗೆತ್ತಿಕೊಂಡ ಕೂಡಲೇ ಈ ಮೂರನ್ನೂ ನೋಡುತ್ತಾನೆ. ಅವನಿಗಿಂತ ಮೊದಲು ನೀವು ನೋಡಿರಬೇಕು, ಅಲ್ವಾ?

ಹಂತ 3: ಕಾನೂನಿನ ಕಣ್ಣಲ್ಲಿ ಅದು ಏನು?

ಒಂದೇ ಬಂದೂಕು ಒಂದು ದೇಶದಲ್ಲಿ ಅಲಂಕಾರದ ವಸ್ತು, ಇನ್ನೊಂದು ದೇಶದಲ್ಲಿ ಜೈಲಿನ ದಾರಿ. ಆದ್ದರಿಂದ ಬೆಲೆಯ ಮಾತಿಗೆ ಮುಂಚೆ ಇದನ್ನು ಬಗೆಹರಿಸಿಕೊಳ್ಳಿ.

ಅಮೆರಿಕದ ಫೆಡರಲ್ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಆಂಟಿಕ್. ಮಾಮೂಲಿ ಬಂದೂಕಿನ ಹೆಚ್ಚಿನ ನಿಯಮಗಳು ಅದಕ್ಕೆ ತಾಗುವುದಿಲ್ಲ, ಆದರೆ ರಾಜ್ಯಗಳ ಕಾನೂನು ಬೇರೆ ಇರಬಹುದು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬಂದೂಕುಗಳು ಕ್ಯೂರಿಯೋ ಅಂಡ್ ರೆಲಿಕ್ ಎಂಬ ವರ್ಗಕ್ಕೆ ಬರುತ್ತವೆ. ಅವನ್ನು ಕೊಳ್ಳಲು ಸಂಗ್ರಾಹಕರಿಗೆಂದೇ ಒಂದು ಲೈಸೆನ್ಸ್ ಇದೆ. ಆಂಟಿಕ್ ಅಲ್ಲದ ಬಂದೂಕನ್ನು ಬೇರೆ ರಾಜ್ಯದ, ಲೈಸೆನ್ಸ್ ಇಲ್ಲದ ವ್ಯಕ್ತಿಗೆ ಮಾರುವುದಾದರೆ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು. ಮಷಿನ್ ಗನ್ ಕಥೆ ಇನ್ನೂ ಬಿಗಿ. 1934ರ ಕಾಯ್ದೆಯಡಿ ಅವು ನೋಂದಣಿ ಆಗಿರಬೇಕು. ಸಾಮಾನ್ಯ ನಾಗರಿಕರು ಕೊಳ್ಳಬಹುದಾದದ್ದು 1986ರ ಮೇ 19ಕ್ಕೆ ಮುಂಚೆ ನೋಂದಣಿಯಾದವು ಮಾತ್ರ. ಯುದ್ಧದಿಂದ ತಾತ ತಂದಿಟ್ಟ, ನೋಂದಣಿಯೇ ಇಲ್ಲದ ಮಷಿನ್ ಗನ್ ಅಟ್ಟದ ಮೇಲೆ ಸಿಕ್ಕಿದರೆ ಗಿರಾಕಿ ಹುಡುಕಬೇಡಿ, ವಕೀಲರನ್ನು ಹುಡುಕಿ.

ಬ್ರಿಟನ್‌ನಲ್ಲಿ 2021ರ ನಿಯಮಗಳ ಪ್ರಕಾರ ಆಂಟಿಕ್ ಅನ್ನಿಸಿಕೊಳ್ಳಲು ಬಂದೂಕು 1939ರ ಸೆಪ್ಟೆಂಬರ್ 1ಕ್ಕಿಂತ ಮೊದಲು ತಯಾರಾಗಿರಬೇಕು. ತೋಟಾ ಹಾಕುವ ಬಂದೂಕಾದರೆ ಅದರ ತೋಟಾದ ಅಳತೆ ಬಳಕೆ ತಪ್ಪಿದವುಗಳ ಸರ್ಕಾರಿ ಪಟ್ಟಿಯಲ್ಲಿ ಇರಬೇಕು. ಜತೆಗೆ ಅದನ್ನು ಕುತೂಹಲದ ಅಥವಾ ಅಲಂಕಾರದ ವಸ್ತುವಾಗಿ ಮಾತ್ರ ಇಟ್ಟುಕೊಂಡಿರಬೇಕು. ಆಗಷ್ಟೇ ಆಂಟಿಕ್ ವಿನಾಯಿತಿ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಸ್ವಂತ ಬಳಕೆಗೆ ಕಾನೂನುಬದ್ಧವಾಗಿ ಇಟ್ಟುಕೊಂಡದ್ದನ್ನು ಮಾರುವಾಗ ಕೊಳ್ಳುವವನಿಗೆ ಅದನ್ನು ಹೊಂದುವ ಹಕ್ಕಿರಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಿ 45 ದಿನ ಕಳೆದಿರಬೇಕು. ರಿಪೇರಿ ಮಾಡಿದರೂ ಹಾರದಂಥ ಪುರಾತನ ಬಂದೂಕುಗಳಿಗೆ ವಿನಾಯಿತಿ ಉಂಟು, ಆದರೆ ಅದನ್ನು ನೀವೇ ತೀರ್ಮಾನಿಸಿಕೊಂಡು ಕೂರಬೇಡಿ. ಇನ್ನು 100 ವರ್ಷ ದಾಟಿದ್ದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸಬಹುದು. ಅಂಥದ್ದನ್ನು ಖಾಸಗಿ ವ್ಯಕ್ತಿ ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಿದೇಶಿ ಹರಾಜಿನ ಬೆಲೆ ನೋಡಿ ಬಾಯಲ್ಲಿ ನೀರೂರಿಸಿಕೊಂಡು ಪ್ರಯೋಜನ ಇಲ್ಲ.

ಹಿಡಿಯಲ್ಲಿ ದಂತ ಇದೆಯಾ ಎಂದೂ ನೋಡಿ. ಬಂದೂಕಿಗೆ ಅಡ್ಡಿ ಇಲ್ಲದಿದ್ದರೂ ದಂತಕ್ಕೆ ಇರಬಹುದು. ಬ್ರಿಟನ್‌ನಲ್ಲಿ 2022ರ ಜೂನ್‌ನಿಂದ ದಂತದ ವ್ಯಾಪಾರ ಬಹುತೇಕ ನಿಂತಿದೆ. 1947ಕ್ಕೆ ಮುಂಚಿನ, ಶೇಕಡ 10ಕ್ಕಿಂತ ಕಡಿಮೆ ದಂತ ಇರುವ ವಸ್ತುವಿಗೆ ವಿನಾಯಿತಿ ಸಿಗುತ್ತದೆ, ಅದಕ್ಕೂ ನೋಂದಣಿ ಬೇಕು. ಅಮೆರಿಕದಲ್ಲೂ 2016ರಿಂದ ಆಫ್ರಿಕದ ಆನೆ ದಂತದ ಮೇಲೆ ಬಿಗಿ ನಿರ್ಬಂಧ ಇದೆ.

ಹಂತ 4: ಕಾಗದ ಪತ್ರ ಒಟ್ಟುಮಾಡಿ

ಎಷ್ಟೋ ಸಲ ಬಂದೂಕಿಗಿಂತ ಅದರ ಜತೆಗಿನ ಕಾಗದಕ್ಕೇ ಜಾಸ್ತಿ ಬೆಲೆ. ಅಮೆರಿಕದಲ್ಲಿ ಬಿಲ್ಲಿ ದಿ ಕಿಡ್ ಎಂಬ ಕುಖ್ಯಾತ ಬಂದೂಕುಗಾರನನ್ನು ಶೆರಿಫ್ (ಪೊಲೀಸ್ ಅಧಿಕಾರಿ) ಪ್ಯಾಟ್ ಗ್ಯಾರೆಟ್ 1881ರಲ್ಲಿ ಕೊಂದದ್ದು ಒಂದು ಕೋಲ್ಟ್ ಸಿಂಗಲ್ ಆ್ಯಕ್ಷನ್ ರಿವಾಲ್ವರ್‌ನಿಂದ. ಆ ಮಾದರಿ ಅಪರೂಪದ್ದೇನಲ್ಲ. ಆದರೂ 2021ರಲ್ಲಿ ಬೋನಮ್ಸ್ ಹರಾಜಿನಲ್ಲಿ ಅದು 60 ಲಕ್ಷ ಡಾಲರ್ ದಾಟಿತು. ಹರಾಜಿನವರ ಅಂದಾಜು ಇದ್ದದ್ದು 20ರಿಂದ 30 ಲಕ್ಷ. ಯಾಕೆ? ಅದು ಅದೇ ರಿವಾಲ್ವರ್ ಎನ್ನಲು ದಾಖಲೆ ಇತ್ತು. ಬೇರೆಯವರ ಕೈಯಲ್ಲಿದ್ದ ಅದನ್ನು ವಾಪಸ್ ಪಡೆಯಲು, ಗ್ಯಾರೆಟ್ ತೀರಿಕೊಂಡ ಮೇಲೆ ಅವನ ಹೆಂಡತಿ ಕೋರ್ಟಿಗೆ ಹೋಗಿ ಗೆದ್ದಿದ್ದಳು. ಅಂದಿನ ತಕರಾರು ಮುಂದೆ ಪುರಾವೆಯಾಗಿ ಕೆಲಸಕ್ಕೆ ಬಂತು. ಟಿಪ್ಪು ಸುಲ್ತಾನನ ಶಸ್ತ್ರಾಗಾರದ ವಸ್ತುಗಳೂ ಹಾಗೇ. ಹುಲಿಯ ಮುಖ, ಹುಲಿಪಟ್ಟೆಯ ಕೆತ್ತನೆ ನೋಡಿದರೆ ಗುರುತು ಸಿಗುತ್ತದೆ ನಿಜ. ಆದರೆ 1799ರ ನಂತರ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿ ಗಟ್ಟಿ ಇದ್ದಷ್ಟೂ ಕೂಗು ಏರುತ್ತದೆ. 2015ರಲ್ಲಿ ಲಂಡನ್ನಿನಲ್ಲಿ ಹರಾಜಾದ ಅಂಥದ್ದೊಂದು ಸಂಗ್ರಹ ಒಟ್ಟು 60 ಲಕ್ಷ ಪೌಂಡ್ ದಾಟಿತ್ತು.

ನಿಮ್ಮದು ಅಷ್ಟು ದೊಡ್ಡದಾಗಿರಬೇಕಿಲ್ಲ. ಕೊಂಡಾಗಿನ ಹಳೆಯ ರಸೀದಿ, ಲೈಸೆನ್ಸ್ ಪುಸ್ತಕ, ಬಂದೂಕು ಹಿಡಿದ ಅಜ್ಜನ ಫೋಟೋ, ಪತ್ರ, ಮೂಲ ಪೆಟ್ಟಿಗೆ ಎಲ್ಲ ಸೇರಿಸಿಡಿ. ಆಮೇಲೆ ಕಾರ್ಖಾನೆ ದಾಖಲೆಗೆ ಬರೆಯಿರಿ. ಕೋಲ್ಟ್ ಕಂಪನಿ ಸೀರಿಯಲ್ ನಂಬರ್ ನೋಡಿ, ಆ ಬಂದೂಕು ಯಾವ ದಿನ, ಯಾವ ರೂಪದಲ್ಲಿ, ಯಾರಿಗೆ ರವಾನೆಯಾಯಿತು ಎಂದು ಪತ್ರ ಕೊಡುತ್ತದೆ. ವಿಂಚೆಸ್ಟರ್, ಮಾರ್ಲಿನ್ ಕಂಪನಿಗಳ ಹಳೆಯ ದಾಖಲೆಗಳು ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಮ್ಯೂಸಿಯಂನಲ್ಲಿವೆ. ಇವಕ್ಕೆ ಶುಲ್ಕ ಇದೆ, ಆದರೆ ಅಷ್ಟು ಖರ್ಚು ಮಾಡಲೇಬೇಕು. ಒಮ್ಮೊಮ್ಮೆ ಪತ್ರ ಕಹಿ ಸುದ್ದಿಯನ್ನೂ ತರುತ್ತದೆ. ನಿಮ್ಮ ರಿವಾಲ್ವರ್ ನಿಕಲ್ ಲೇಪದ್ದು, ಕಾರ್ಖಾನೆ ಬಿಟ್ಟಾಗ ನೀಲಿ ಬಣ್ಣದ್ದಾಗಿತ್ತು ಅಂದರೆ ಮೂಲ ಬಣ್ಣ ಹೋದಂತೆಯೇ. ಅದು ಗಿರಾಕಿಯ ಬಾಯಿಂದ ತಿಳಿಯುವ ಬದಲು ನಿಮಗೇ ಮೊದಲು ತಿಳಿಯಲಿ. ಲ್ಯೂಗರ್ ಪಿಸ್ತೂಲಿನಂಥವುಗಳಲ್ಲಿ ಸಣ್ಣ ಬಿಡಿಭಾಗಗಳ ಮೇಲೂ ನಂಬರಿನ ಕೊನೆಯ ಅಂಕಿಗಳಿರುತ್ತವೆ. ಎಲ್ಲವೂ ಹೊಂದುತ್ತವಾ ನೋಡಿ ಬರೆದಿಡಿ. ಒಂದು ಭಾಗ ಬದಲಾಗಿದ್ದರೂ ಬೆಲೆ ಕುಸಿಯುತ್ತದೆ.

ಬೆಲೆ ಕಟ್ಟಿಸುವಾಗ ಒಂದು ಎಚ್ಚರ. ಬೆಲೆ ಹೇಳಿದ ಮನುಷ್ಯನೇ "ನಾನೇ ತಗೋತೀನಿ" ಅಂದರೆ ಆ ಬೆಲೆಯನ್ನು ನಂಬಬೇಡಿ. ಬೆಲೆ ಕಟ್ಟುವವರಿಗೆ ಅವರ ಶುಲ್ಕ ಕೊಟ್ಟು ಕಳಿಸಿ. ಕೊಳ್ಳುವವರು ಬೇರೆ ಇರಲಿ.

ಹಂತ 5: ಲೆಕ್ಕ ಹಾಕಿ

ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶಗಳು ಅಂತರ್ಜಾಲದಲ್ಲಿ ಸಿಗುತ್ತವೆ. ನಿಮ್ಮ ಮಾದರಿಗೆ, ಅದೇ ಸ್ಥಿತಿಯದ್ದಕ್ಕೆ ಎಷ್ಟು ಬಂದಿದೆ ಹುಡುಕಿ. ಯಾರೋ ಹೇಳುತ್ತಿರುವ ಬೆಲೆ ಲೆಕ್ಕಕ್ಕಿಲ್ಲ, ನಿಜಕ್ಕೂ ಮಾರಾಟವಾದದ್ದು ಮಾತ್ರ. ಇಲ್ಲಿ ಒಂದು ಮೋಸದ ಮೆಟ್ಟಿಲಿದೆ. ಹಾಗೆ ಪ್ರಕಟವಾಗುವ ಬೆಲೆಯಲ್ಲಿ ಸಾಮಾನ್ಯವಾಗಿ ಕೊಳ್ಳುವವನು ಸಂಸ್ಥೆಗೆ ಕೊಡುವ ಹೆಚ್ಚುವರಿ ಶುಲ್ಕವೂ ಸೇರಿರುತ್ತದೆ. ಅದು ಮಾರಿದವನ ಕೈಗೆ ಬಂದ ದುಡ್ಡಲ್ಲ.

ಉದಾಹರಣೆಗೆ ಕೊನೆಯ ಕೂಗು 10,000 ಡಾಲರ್‌ಗೆ ನಿಂತಿತು ಅನ್ನಿ. ಮಾರುವವರ ಕಮಿಷನ್ ಶೇಕಡ 15 ಅಂತಿಟ್ಟುಕೊಳ್ಳಿ, ಕೊಳ್ಳುವವರ ಶುಲ್ಕ ಶೇಕಡ 20. ಕೊಳ್ಳುವವನ ಜೇಬಿಂದ ಹೋಗುವುದು 12,000. ನಿಮಗೆ ಬರುವುದು 8,500. ಅದರಲ್ಲೂ ಫೋಟೋ, ವಿಮೆ, ಸಾಗಣೆ ಅಂತ ಕಳೆಯುತ್ತದೆ. ನಡುವಿನ 3,500 ಹರಾಜಿನವರದ್ದು.

ಈಗ ಅದೇ ಗಿರಾಕಿ ನಿಮಗೆ ನೇರವಾಗಿ ಸಿಕ್ಕ ಅನ್ನಿ. 10,000ಕ್ಕೆ ಕೊಟ್ಟರೆ ಅವನಿಗೆ 2,000 ಉಳಿಯಿತು, ನಿಮಗೆ 1,500 ಜಾಸ್ತಿ ಬಂತು. 8,500 ಮತ್ತು 12,000ದ ಮಧ್ಯೆ ಎಲ್ಲಿ ಕುದುರಿದರೂ ಇಬ್ಬರಿಗೂ ಲಾಭವೇ. ಖಾಸಗಿ ಮಾರಾಟದ ಚೌಕಾಸಿ ನಡೆಯುವುದೇ ಈ ಅಂತರದಲ್ಲಿ. ಆದರೆ ಇದೆಲ್ಲ ನಡೆಯುವುದು 10,000 ಎಂಬ ಅಂಕಿ ನಿಮಗೆ ಮೊದಲೇ ಗೊತ್ತಿದ್ದರೆ. ಇತ್ತೀಚೆಗೆ ಅದೇ ಥರದ್ದು ನಾಲ್ಕಾರು ಮಾರಾಟವಾಗಿದ್ದರೆ ಗೊತ್ತಿರುತ್ತದೆ. ಆಗ ಖಾಸಗಿಯೇ ಸರಿ. ಹೋಲಿಸಲು ಒಂದೂ ಸಿಗದಿದ್ದರೆ, ಅಥವಾ ಅದಕ್ಕೊಂದು ದೊಡ್ಡ ಹೆಸರಿನ ನಂಟಿದ್ದರೆ, ಹರಾಜಿನವರಿಗೆ 3,500 ಹೋದರೂ ಹೋಗಲಿ. ಗ್ಯಾರೆಟ್ ರಿವಾಲ್ವರನ್ನು ಯಾರೋ ಒಬ್ಬನಿಗೆ ಅಂದಾಜು ಬೆಲೆಗೇ ಕೊಟ್ಟಿದ್ದರೆ ದೊಡ್ಡ ಮೊತ್ತವೇ ಕೈಬಿಟ್ಟುಹೋಗುತ್ತಿತ್ತು.

ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಮೆರಿಕದಲ್ಲಿ ಸಂಗ್ರಹ ವಸ್ತುಗಳ ದೀರ್ಘಾವಧಿ ಲಾಭದ ಮೇಲೆ ಫೆಡರಲ್ ತೆರಿಗೆ ಶೇಕಡ 28ರವರೆಗೂ ಹೋಗುತ್ತದೆ. ಪಿತ್ರಾರ್ಜಿತವಾಗಿ ಬಂದಿದ್ದರೆ ಲೆಕ್ಕ ಬೇರೆ, ಲೆಕ್ಕಪರಿಶೋಧಕರನ್ನು ಕೇಳಿ.

ಹಂತ 6ಅ: ಹರಾಜಿನ ದಾರಿ ಹಿಡಿದರೆ

ಬಂದೂಕಿಗೆ ತಕ್ಕ ಸಂಸ್ಥೆ ಆರಿಸಿ. ಅಮೆರಿಕದಲ್ಲಿ ರಾಕ್ ಐಲೆಂಡ್, ಮೋರ್ಫಿ, ಇಂಗ್ಲೆಂಡಿನಲ್ಲಿ ಹೋಲ್ಟ್ಸ್, ಜರ್ಮನಿಯ ಮ್ಯೂನಿಕ್ ಬಳಿ ಹರ್ಮನ್ ಹಿಸ್ಟೋರಿಕಾ ಈ ವ್ಯಾಪಾರದಲ್ಲಿ ಹೆಸರಾದವು. ಪೀಠೋಪಕರಣ, ಪಿಂಗಾಣಿ ಮಾರುವ ಕಡೆ ಬಂದೂಕು ಹಾಕಿದರೆ ನೋಡುವ ಕಣ್ಣೇ ಇರುವುದಿಲ್ಲ. ಕನಿಷ್ಠ ಎರಡು ಮೂರು ಸಂಸ್ಥೆಗಳಿಗೆ ಅದೇ ಫೋಟೋ, ಅದೇ ವಿವರ ಕಳಿಸಿ, ಬಂದ ಅಂದಾಜುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರು ಮಾತ್ರ ವಿಪರೀತ ದೊಡ್ಡ ಅಂಕಿ ಹೇಳಿದರೆ ಹಿಗ್ಗಬೇಡಿ. ಸರಕು ತಮ್ಮ ಕಡೆಗೆ ಬರಲಿ ಅಂತ ಹೇಳಿದ್ದಿರಬಹುದು. ಕೊನೆಗೆ ಅಷ್ಟಕ್ಕೆ ಹೋಗದಿದ್ದರೆ ಅನುಭವಿಸುವವರು ನೀವು.

ಕರಾರು ಪತ್ರದಲ್ಲಿ ಹುಡುಕಬೇಕಾದದ್ದು: ಕಮಿಷನ್ ಎಷ್ಟು, ಫೋಟೋ ಮತ್ತು ವಿಮೆಯ ಖರ್ಚು ಯಾರದ್ದು, ನಮ್ಮ ಕೈ ಬಿಟ್ಟ ಗಳಿಗೆಯಿಂದ ವಿಮೆ ಇದೆಯಾ, ಮಾರಾಟವಾಗದೆ ಉಳಿದರೆ ಶುಲ್ಕ ಇದೆಯಾ, ಮನಸ್ಸು ಬದಲಿಸಿ ವಾಪಸ್ ತೆಗೆದುಕೊಂಡರೆ ದಂಡ ಎಷ್ಟು, ಕೊಳ್ಳುವವನು ದುಡ್ಡು ಕಟ್ಟದಿದ್ದರೆ ಏನು, ನಮಗೆ ಹಣ ಎಷ್ಟು ದಿನಕ್ಕೆ ಬರುತ್ತದೆ. ಕಮಿಷನ್ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಒಳ್ಳೆಯ ಬಂದೂಕಾದರೆ ಅರ್ಧಕ್ಕಿಳಿಸುತ್ತಾರೆ, ತುಂಬ ಒಳ್ಳೆಯದಾದರೆ ಪೂರ್ತಿ ಬಿಟ್ಟದ್ದೂ ಉಂಟು. ಕೇಳಲು ಸಂಕೋಚ ಬೇಡ.

ಮುಂದಿನದು ರಿಸರ್ವ್, ಅಂದರೆ ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಗೆರೆ. ಹೊಸಬರು ಇದನ್ನು ಎತ್ತರಕ್ಕೆ ಇಡಲು ನೋಡುತ್ತಾರೆ. ನಾನಾದರೆ ತಗ್ಗಿನಲ್ಲೇ ಇಡುತ್ತೇನೆ. ಕಡಿಮೆ ಅಂಕಿಯಿಂದ ಶುರುವಾದ ಕೂಗಿಗೆ ಜಾಸ್ತಿ ಜನ ಕೈ ಎತ್ತುತ್ತಾರೆ, ಕೈ ಎತ್ತಿದವನಿಗೆ ಬಿಡಲು ಮನಸ್ಸು ಬರುವುದಿಲ್ಲ. ರಿಸರ್ವ್ ಮುಟ್ಟದೆ ವಾಪಸ್ ಬಂದ ಬಂದೂಕಿನ ಸುದ್ದಿ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಈ ಲೋಕ ಬಹಳ ಚಿಕ್ಕದು. ಮತ್ತೆ ಮಾರಲು ಹೋದಾಗ "ಅವತ್ತು ಹೋಗಲಿಲ್ಲವಲ್ಲ, ಅದೇ ತಾನೇ?" ಎನ್ನುತ್ತಾರೆ. ಹಾಗಂತ ರಿಸರ್ವ್ ಇಲ್ಲದೆ ಬಿಡುವುದು ಎಲ್ಲರ ಎದೆಗೂ ತಡೆಯುವ ಕೆಲಸ ಅಲ್ಲ.

ಕ್ಯಾಟಲಾಗ್ ಅಚ್ಚಾಗುವ ಮುಂಚೆ ನಿಮ್ಮ ಬಂದೂಕಿನ ವಿವರಣೆಯ ಕರಡು ಕೇಳಿ ಓದಿ. ಕಾರ್ಖಾನೆ ಪತ್ರದ ಉಲ್ಲೇಖ ಬಿಟ್ಟಿದ್ದಾರಾ, ನಂಬರ್ ಸರಿ ಇದೆಯಾ, ಇತರ ನಾಲ್ಕು ಬಂದೂಕಿನ ಜತೆ ಒಂದೇ ಲಾಟ್‌ಗೆ ಕಟ್ಟಿದ್ದಾರಾ? ಯಾವ ಹರಾಜಿಗೆ ಹಾಕುತ್ತಾರೆ ಎಂಬುದೂ ಮುಖ್ಯ. ವರ್ಷಕ್ಕೆ ಕೆಲವೇ ಸಲ ನಡೆಯುವ ದೊಡ್ಡ ಹರಾಜಿಗೆ ಬರುವ ಜನರೇ ಬೇರೆ. ಅದಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾದರೆ ಕಾಯಿರಿ.

ಹಂತ 6ಆ: ಖಾಸಗಿ ದಾರಿ ಹಿಡಿದರೆ

ಇಲ್ಲಿ ಕಮಿಷನ್ ಇಲ್ಲ, ಹೆಸರು ಹೊರಗೆ ಬರುವುದಿಲ್ಲ, ದುಡ್ಡು ಬೇಗ ಸಿಗುತ್ತದೆ. ಆದರೆ ಹರಾಜಿನವರು ಮಾಡುತ್ತಿದ್ದ ಎಲ್ಲ ಕೆಲಸವೂ ನಿಮ್ಮ ತಲೆ ಮೇಲೆ. ಮುಖ್ಯವಾಗಿ, ಗಿರಾಕಿ ಯಾರು ಎಂದು ತಿಳಿಯುವ ಕೆಲಸ.

ಗಿರಾಕಿ ಸಿಗುವುದು ಸಂಗ್ರಾಹಕರ ಸಂಘಗಳಲ್ಲಿ. ಕೋಲ್ಟ್‌ಗೆ, ವಿಂಚೆಸ್ಟರ್‌ಗೆ ಬೇರೆ ಬೇರೆ ಸಂಘಗಳಿವೆ. ಆ ಮಾದರಿಯ ಸಂಗ್ರಹದಲ್ಲಿ ಒಂದೇ ಒಂದು ಕೊರತೆ ಇರುವ ಮನುಷ್ಯ ಸಿಕ್ಕರೆ ಚೌಕಾಸಿಯೇ ಬೇಕಾಗುವುದಿಲ್ಲ. ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ. ಎರಡೂ ಮಗ್ಗುಲು, ಎಲ್ಲ ಮುದ್ರೆಗಳು, ಸ್ಕ್ರೂ ತಲೆಗಳು, ನಳಿಗೆಯ ಒಳಗು, ಮತ್ತು ಬಿರುಕು, ತುಕ್ಕು ಇದ್ದರೆ ಅದೂ. ದೋಷ ಮುಚ್ಚಿಟ್ಟು ಮಾರಿದರೆ ಬಂದೂಕು ವಾಪಸ್ ಬರುತ್ತದೆ, ಜತೆಗೆ ಕೆಟ್ಟ ಹೆಸರು. ಮನೆ ವಿಳಾಸ, ಎಷ್ಟು ಬಂದೂಕುಗಳಿವೆ, ಎಲ್ಲಿಟ್ಟಿದ್ದೀರಿ ಎಂಬುದನ್ನು ಮಾತ್ರ ಯಾರಿಗೂ ಹೇಳಬೇಡಿ. ಭೇಟಿ ಲೈಸೆನ್ಸ್ ಇರುವ ಡೀಲರ್ ಅಂಗಡಿಯಲ್ಲೇ ಆಗಲಿ. ಅದಕ್ಕೆ ಸ್ವಲ್ಪ ಶುಲ್ಕ ಹೋದರೂ ಪರಿಶೀಲನೆ, ಕಾಗದ ಎರಡೂ ಅಲ್ಲೇ ಮುಗಿಯುತ್ತದೆ.

ದುಡ್ಡು ಖಾತೆಗೆ ಬಿದ್ದು, ಬ್ಯಾಂಕು ಖಚಿತಪಡಿಸಿದ ಮೇಲೆ ಬಂದೂಕು ಕೊಡಿ. ಹೇಳಿದ್ದಕ್ಕಿಂತ ಜಾಸ್ತಿ ಮೊತ್ತದ ಚೆಕ್ ಕಳಿಸಿ "ಮಿಕ್ಕಿದ್ದು ವಾಪಸ್ ಹಾಕಿ" ಎನ್ನುವವನು ಕಳ್ಳ. "ಕಾಗದ ಗೀಗದ ಯಾಕೆ, ನಾವು ನಾವೇ ಮುಗಿಸೋಣ" ಎನ್ನುವವನು ಅವನಿಗಿಂತ ಅಪಾಯ. ಅಲ್ಲಿಗೆ ಮಾತು ನಿಲ್ಲಿಸಿ. ಸಂಗ್ರಾಹಕರಲ್ಲಿ ಮೂರು ದಿನದ ಪರಿಶೀಲನಾ ಅವಧಿ ಕೊಡುವ ರೂಢಿ ಇದೆ. ಗುಂಡು ಹಾರಿಸದೆ, ಬಿಚ್ಚದೆ, ಹಾಗೇ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಇದನ್ನು ಬರೆದು ಕೊಡಿ. ಧೈರ್ಯವಾಗಿ ಕೊಳ್ಳುತ್ತಾರೆ.

ನಡುವಿನ ದಾರಿಗಳು

ಡೀಲರ್‌ಗೆ ಒಂದೇ ಸಲ ಮಾರಿಬಿಡಬಹುದು. ಬೇಗ ಮುಗಿಯುತ್ತದೆ, ಬೆಲೆ ಕಡಿಮೆ, ಯಾಕೆಂದರೆ ಅವನೂ ಬದುಕಬೇಕು. ಡೀಲರ್ ಅಂಗಡಿಯಲ್ಲಿಟ್ಟು ಮಾರಾಟವಾದ ಮೇಲೆ ಕಮಿಷನ್ ಕೊಡಬಹುದು. ದೊಡ್ಡ ಹರಾಜು ಸಂಸ್ಥೆಗಳು ಕೂಗು ಇಲ್ಲದೆ ತಮ್ಮ ಗಿರಾಕಿಗೆ ನೇರವಾಗಿ ಮಾರಿಸಿಕೊಡುವುದೂ ಇದೆ. ಬೆಲೆ ಗುಟ್ಟಾಗಿರಬೇಕು ಎನ್ನುವವರಿಗೆ ಅದು ಹೊಂದುತ್ತದೆ.

ಒಂದೆರಡಲ್ಲ, ಇಡೀ ಸಂಗ್ರಹವೇ ಇದ್ದರೆ? ಅದರ ಒಳ್ಳೆಯ ಎರಡು ಮೂರನ್ನು ಮೊದಲು ಖಾಸಗಿಯಾಗಿ ಮಾರಿಬಿಡುವ ಆಸೆ ಬರುತ್ತದೆ. ತಡೆಯಿರಿ. ಉಳಿದ ಸಾಧಾರಣ ಬಂದೂಕುಗಳನ್ನು ಕಡಿಮೆ ಕಮಿಷನ್‌ಗೆ ಒಪ್ಪಿಸಲು ನಿಮ್ಮ ಹತ್ತಿರ ಇರುವ ಬಲವೇ ಆ ಮೂರು. ಎಲ್ಲವನ್ನೂ ಒಟ್ಟಿಗೆ ಮುಂದಿಟ್ಟು ಮಾತಾಡಿ.

ಹಂತ 7: ಕೈ ಬಿಟ್ಟ ಮೇಲೆ

ಮಾರಾಟ ಪತ್ರದಲ್ಲಿ ತಯಾರಕರ ಹೆಸರು, ಮಾದರಿ, ಸೀರಿಯಲ್ ನಂಬರ್, ತೋಟಾದ ಅಳತೆ, ತಾರೀಖು, ಬೆಲೆ, ಕೊಂಡವರ ಗುರುತು ಮತ್ತು ಲೈಸೆನ್ಸ್ ವಿವರ ಇರಲಿ. ಇಬ್ಬರೂ ಸಹಿ ಹಾಕಿ. ಸಾಗಿಸುವಾಗ ಪೆಟ್ಟಿಗೆಯ ಹೊರಗೆ ಒಳಗೇನಿದೆ ಎಂದು ಗೊತ್ತಾಗುವಂತೆ ಬರೆಯಬೇಡಿ. ಸಾಗಣೆ ಕಂಪನಿಗೆ ಮಾತ್ರ ಅದರ ನಿಯಮದಂತೆ ತಿಳಿಸಿ, ಪೂರ್ತಿ ಬೆಲೆಗೆ ವಿಮೆ ಮಾಡಿಸಿ. ಕಾರ್ಖಾನೆ ಪತ್ರ, ಹಳೆಯ ಫೋಟೋ ಮುಂತಾದ ಮೂಲ ಕಾಗದಗಳನ್ನು ಬಂದೂಕಿನ ಪೆಟ್ಟಿಗೆಯಲ್ಲಿ ಹಾಕದೆ ಬೇರೆಯಾಗಿ ಕಳಿಸಿ. ಒಂದು ಕಳೆದರೂ ಇನ್ನೊಂದು ಉಳಿಯುತ್ತದೆ. ಎಲ್ಲದರ ನಕಲು ನಿಮ್ಮ ಹತ್ತಿರ ಇರಲಿ. ಬಂದೂಕು ನಿಮ್ಮ ಲೈಸೆನ್ಸ್‌ನಲ್ಲಿ ನಮೂದಾಗಿದ್ದರೆ ಅಲ್ಲಿಂದ ತೆಗೆಸಿ, ತೆಗೆದ ಪುರಾವೆ ಪಡೆಯಿರಿ. ಮುಂದೊಂದು ದಿನ ಆ ನಂಬರ್ ಹಿಡಿದು ಪೊಲೀಸರು ಬಂದರೆ ತೋರಿಸಲು ಅದೊಂದೇ ಕಾಗದ ಸಾಕಾಗುತ್ತದೆ.